ಅಳೆಯಬಾರದ ಕೊಂಬು

ವಿಸ್ಕಾನ್ಸಿನ್‌ನ ಸ್ಕೋಗನ್ ಊರಿನಲ್ಲಿ ತನ್ನ ಜಿಂಕೆಯ ಕೊಂಬಿನ ಬಗ್ಗೆ ಕಡಿಮೆ ಹೇಳಿಕೊಳ್ಳುವ ಗಂಡಸು ಒಬ್ಬನೇ ಇದ್ದ. ಅವನು ಹಾಲಿನ ಟ್ಯಾಂಕರ್ ಓಡಿಸುವ ವರ್ಲಿನ್ ಟೋಸ್ಟ್ರುಡ್. ಉಳಿದವರ ಜಿಂಕೆಗಳು ಸತ್ತ ಮೇಲೂ ಬೆಳೆಯುತ್ತಿದ್ದವು. ನವೆಂಬರಿನಲ್ಲಿ ಕವಲು, ಸುತ್ತಳತೆ ಎಲ್ಲ ಕೂಡಿ ನೂರ ಮೂವತ್ತು ಇಂಚು ಇದ್ದ ಕೊಂಬು ಕ್ರಿಸ್‌ಮಸ್ಸಿಗೆ ನೂರ ನಲವತ್ತಾಗಿ, ಈಸ್ಟರ್ ಹೊತ್ತಿಗೆ ನೂರ ಐವತ್ತು ಮುಟ್ಟುತ್ತಿತ್ತು. ವರ್ಲಿನ್‌ನ ಕೊಂಬು ಕ್ಲಾರಿಸಳ ಬಾರಿನ ಗೋಡೆಯ ಮೇಲೆ, ಎಲ್ಲಕ್ಕಿಂತ ಎತ್ತರದಲ್ಲಿ, ಹನ್ನೊಂದು ವರ್ಷದಿಂದ ತೂಗುತ್ತಿತ್ತು. ಯಾರಾದರೂ ಕೇಳಿದರೆ ಅವನು ತಲೆ ಕೆರೆದುಕೊಂಡು, "ಒಂದು ನೂರ ಐವತ್ತು ಇರಬಹುದೇನೋ, ಬಿಡಿ" ಎನ್ನುತ್ತಿದ್ದ. ಹನ್ನೊಂದು ವರ್ಷವೂ ಅದೇ ನೂರ ಐವತ್ತು. ಇಂಥ ವಿನಯವನ್ನು ಊರು ಹಿಂದೆಂದೂ ಕಂಡಿರಲಿಲ್ಲ.

ಶುಕ್ರವಾರ ಸಂಜೆ ಬಾರಿನಲ್ಲಿ ಮೀನು ಕರಿಯುವ ದಿನ. ಅವತ್ತು ಕೊಂಬನ್ನು ಅಧಿಕೃತವಾಗಿ ಅಳೆಸಬೇಕೋ ಬೇಡವೋ ಎಂಬ ವಾದ ಎದ್ದೇ ಏಳುತ್ತಿತ್ತು. ಅಳೆಸಬೇಕೆನ್ನುವವರ ಮುಖಂಡ ಡ್ವೇನ್ ಸೊಬೋಟ, ವರ್ಲಿನ್‌ನ ಬಾಲ್ಯದ ಗೆಳೆಯ, ಟ್ರ್ಯಾಕ್ಟರ್ ರಿಪೇರಿಯವನು.

"ದೊಡ್ಡ ಕೊಂಬುಗಳ ದಾಖಲೆ ಪುಸ್ತಕ ಅಂತ ಒಂದು ಯಾಕಿದೆ ಮಾರಾಯ? ಬಾಯಲ್ಲಿ ಹೇಳಿದ್ದಕ್ಕೆಲ್ಲ ಬೆಲೆ ಉಂಟಾ? ಟೇಪು ಹಿಡಿಸು, ಕಾಗದದ ಮೇಲೆ ಬರೆಸು. ಆಮೇಲೆ ಮಾತಾಡು."

ವರ್ಲಿನ್ ಬ್ರಾಂದಿಯ ಲೋಟ ಕೆಳಗಿಟ್ಟು ನಿಧಾನವಾಗಿ ಶುರು ಮಾಡುತ್ತಿದ್ದ. "ಆರು ವರ್ಷ ಈ ಗುಡ್ಡದಲ್ಲಿ ಹಿಮ ತಿಂದು, ತೋಳದ ಕಣ್ಣು ತಪ್ಪಿಸಿ ಬದುಕಿದ ಪ್ರಾಣಿ ಕಣೋ ಅದು. ಅದಕ್ಕೆ ಅಂಕ ಕೊಡೋಕೆ ನಾವ್ಯಾರು? ಅದೇನು ಪರೀಕ್ಷೆ ಬರೆದಿತ್ತಾ? ಎಡಗಡೆ ಕೊಂಬು ಬಲಗಡೆಗಿಂತ ಒಂದಿಂಚು ಗಿಡ್ಡ ಇದ್ರೆ ಅಷ್ಟು ಕಳೀತಾರಂತೆ. ನಿನ್ನ ಎರಡು ಕಿವಿ ಒಂದೇ ಥರ ಇದಾವಾ? ನಿನ್ನ ಹೆಂಡ್ತಿ ಅಂಕ ಕಳೆದಳಾ?"

ಎಲ್ಲರೂ ಡ್ವೇನ್‌ನ ಕಿವಿ ನೋಡಿ ನಗುತ್ತಿದ್ದರು. ಒಮ್ಮೆ ಜಿಲ್ಲೆಯ ವಾರಪತ್ರಿಕೆಯವರು ಈ ಮಾತುಗಳನ್ನು ಅವನ ಫೋಟೋ ಸಮೇತ ಹಾಕಿದ್ದರು. ಪಾದ್ರಿಯೊಬ್ಬರು ಅದನ್ನು ಭಾನುವಾರದ ಪ್ರವಚನದಲ್ಲಿ ಬಳಸಿಕೊಂಡಿದ್ದರು. ಹಿಂದಿನ ಬೆಂಚಿನಲ್ಲಿ ಕುಳಿತಿದ್ದ ವರ್ಲಿನ್‌ಗೆ ಆ ಚಳಿಗಾಲದಲ್ಲೂ ಬೆನ್ನು ಬೆವರಿತ್ತು.

ಯಾಕೆಂದರೆ ಆ ಜಿಂಕೆಯನ್ನು ಅವನು ಹೊಡೆದಿರಲಿಲ್ಲ.

ಹನ್ನೊಂದು ವರ್ಷದ ಹಿಂದೆ, ಬೇಟೆ ಶುರುವಾಗುವ ಶನಿವಾರದಂದು ಅವನಿಗೆ ಎಂದಿನಂತೆ ಕೆಲಸವಿತ್ತು. ಹಸುಗಳಿಗೆ ಬೇಟೆಯ ರಜೆ ಗೊತ್ತಿಲ್ಲ. ಗುಡ್ಡಗಳ ತುಂಬ ಬೇರೆಯವರ ಬಂದೂಕಿನ ಸದ್ದು. ಇವನ ಬಂದೂಕು ಲಾರಿಯ ಸೀಟಿನ ಹಿಂದೆ ಚೀಲದೊಳಗೆ ಮಲಗಿತ್ತು. ಬೆಳಗ್ಗೆ ಏಳೂಕಾಲಿಗೆ ಏರುದಾರಿಯ ಪಕ್ಕ ಟ್ಯಾಂಕರ್ ನಿಲ್ಲಿಸಿ, ಕುಡಿದಿದ್ದ ಎರಡು ಫ್ಲಾಸ್ಕ್ ಕಾಫಿಯನ್ನು ಹೊರಹಾಕಲು ಅವನು ಚರಂಡಿಗಿಳಿದ. ಆಗ ಒಂದು ಹೆಣ್ಣು ಜಿಂಕೆ ಪೊದೆಯಿಂದ ಚಿಮ್ಮಿ, ಲಾರಿಯ ಮುಂದಿನಿಂದ ಹಾದು ಜೋಳದ ಕೂಳೆಯತ್ತ ಓಡಿತು. ಹಿಂದೆಯೇ ಬೆದೆಯ ಅಮಲಿನ ಗಂಡು, ಮೂಗು ನೆಲಕ್ಕೆ ಹಚ್ಚಿಕೊಂಡು, ಲೋಕದ ಪರಿವೆಯೇ ಇಲ್ಲದೆ ಬಂದು, ನಿಂತಿದ್ದ ಟ್ಯಾಂಕರಿನ ಹಿಂದಿನ ಚಕ್ರಕ್ಕೆ ಭುಜ ಕೊಟ್ಟು ಗುದ್ದಿತು. ಕತ್ತು ಮುರಿದು ಅಲ್ಲೇ ಬಿತ್ತು. ಕೊಂಬಿಗೆ ಒಂದು ಗೀರೂ ಆಗಿರಲಿಲ್ಲ.

ವರ್ಲಿನ್ ಪ್ಯಾಂಟಿನ ಗುಂಡಿ ಹಾಕುವುದನ್ನೂ ಮರೆತು ನಿಂತ. ಅಂಥ ಕೊಂಬನ್ನು ಅವನು ಜನ್ಮದಲ್ಲಿ ಕಂಡಿರಲಿಲ್ಲ. ಮೂವತ್ತು ವರ್ಷ ಜಿಂಕೆ ಕಾಯುತ್ತ ಮರದ ಮೇಲೆ ಕುಳಿತರೂ ಅವನಿಗೆ ಸಿಕ್ಕಿದ್ದು ಕರುಗಳಂಥ ಎಳೆ ಗಂಡುಗಳು ಮತ್ತು ನೆಗಡಿ. ಆಮೇಲೆ ಅವನು ಮಾಡಿದ್ದನ್ನು ನೋಡಿ, ಬದುಕಿದ್ದರೆ ಆ ಜಿಂಕೆಯೂ ನಗುತ್ತಿತ್ತು. ಬಂದೂಕು ತೆಗೆದು, ತುಂಬಿ, ಸತ್ತು ಬಿದ್ದ ಪ್ರಾಣಿಗೆ ಆರಡಿ ದೂರದಿಂದ ಗುರಿಯಿಟ್ಟ. ಮೊದಲ ಗುಂಡು ಮಣ್ಣಿಗೆ ಹೋಯಿತು. ಎರಡನೆಯದು ಪಕ್ಕೆಗೆ ಬಿತ್ತು. ತನ್ನ ಬೇಟೆಯ ಪರವಾನಗಿ ಚೀಟಿಯನ್ನು ಕೊಂಬಿಗೆ ಕಟ್ಟಿ, ಪಿಕಪ್ ತರಲು ಡ್ವೇನ್‌ಗೆ ಫೋನ್ ಮಾಡಿದ.

ಡ್ವೇನ್ ಬಂದವನೇ ಅಪ್ಪಿಕೊಂಡ. "ಅಯ್ಯೋ ನಿನ್ನ! ಎಷ್ಟು ದೂರದಿಂದ ಹೊಡೆದ್ಯೋ?"

"ಹತ್ರಾನೇ ಇತ್ತು" ಎಂದ ವರ್ಲಿನ್. ಆ ಜಿಂಕೆಯ ಬಗ್ಗೆ ಅವತ್ತು ಅವನು ಆಡಿದ ಕೊನೆಯ ಸತ್ಯ ಅದು.

ಅವನ ವಿನಯದ ಗುಟ್ಟೂ ಇಷ್ಟೇ. ದೊಡ್ಡ ಅಳತೆ ಹೇಳಿದರೆ ಯಾರಾದರೂ ಟೇಪು ತರುತ್ತಾರೆ. ಟೇಪಿನ ಹಿಂದೆ ಕಾಗದ ಬರುತ್ತದೆ, ಕಾಗದದ ಹಿಂದೆ ಸಹಿ. ಸುಳ್ಳು ಹೇಳಲು ಅವನಿಗೆ ಧೈರ್ಯವಿತ್ತು, ಬರೆಯಲು ಇರಲಿಲ್ಲ.

ಹೀಗೆ ಹನ್ನೊಂದು ವರ್ಷ ಕಳೆದ ಮೇಲೆ, ಒಂದು ಫೆಬ್ರವರಿಯಲ್ಲಿ ಅವನು ಮೂವತ್ತೊಂದು ವರ್ಷದ ಹಾಲಿನ ಕೆಲಸದಿಂದ ನಿವೃತ್ತನಾದ. ಭಾನುವಾರ ಮಧ್ಯಾಹ್ನ ಹೆಂಡತಿ ಆರ್ಡಿಸ್, "ಕೋಟು ಹಾಕ್ಕೋ, ಕ್ಲಾರಿಸ್ ಕೇಕ್ ಮಾಡಿದಾಳಂತೆ" ಎಂದು ಬಾರಿಗೆ ಎಳೆದುಕೊಂಡು ಹೋದಳು. ಬಾಗಿಲು ತೆರೆದರೆ ಒಳಗೆ ಅರ್ಧ ಊರು. ಕೊಂಬು ಗೋಡೆಯಿಂದಿಳಿದು ಬಿಲಿಯರ್ಡ್ಸ್ ಮೇಜಿನ ಹಸಿರು ಬಟ್ಟೆಯ ಮೇಲೆ ಕೂತಿತ್ತು. ಪಕ್ಕದಲ್ಲಿ ಉಕ್ಕಿನ ಟೇಪು, ಚೂಪು ಮಾಡಿದ ಎರಡು ಪೆನ್ಸಿಲು, ಮತ್ತು ಐರೀನ್ ಬ್ರೆಕ್ಕಿ ಟೀಚರ್.

ಟೀಚರ್ ಹೈಸ್ಕೂಲಿನಲ್ಲಿ ಅವನಿಗೆ ಲೆಕ್ಕ ಕಲಿಸಿದವರು. ಕಲಿಸಲು ನೋಡಿದವರು ಎನ್ನುವುದು ಸರಿ. ನಿವೃತ್ತರಾದ ಮೇಲೆ ಆ ದಾಖಲೆ ಪುಸ್ತಕ ತರುವ ಸಂಘದಲ್ಲಿ ತರಬೇತಿ ಪಡೆದು ಆ ಜಿಲ್ಲೆಯ ಅಧಿಕೃತ ಅಳತೆಗಾರ್ತಿಯಾಗಿದ್ದರು.

"ನಿನಗೆ ಉಡುಗೊರೆ" ಎಂದಳು ಆರ್ಡಿಸ್, ಕೆನ್ನೆ ಕೆಂಪಾಗಿಸಿಕೊಂಡು. "ನೀನಾಗಿ ಯಾವತ್ತೂ ಮಾಡಿಸ್ಕೊಳ್ಳಲ್ಲ ಅಂತ ಗೊತ್ತು. ಇದೊಂದು ಸಲ ನನಗೋಸ್ಕರ."

"ನಾನು ಅಳತೆಗೇ ವಿರೋಧಿ ಅಲ್ವಾ..." ಎಂದು ವರ್ಲಿನ್ ಶುರುಮಾಡಿದ.

"ಗೊತ್ತಪ್ಪಾ, ಪೇಪರಲ್ಲೂ ಓದಿದೀವಿ" ಎಂದು ಡ್ವೇನ್ ಅವನ ಬಾಯಿಗೆ ಚೀಸಿನ ತುಂಡು ತುರುಕಿದ.

ಟೀಚರ್ ಮುಕ್ಕಾಲು ಗಂಟೆ ಅಳೆದರು. ಮುಖ್ಯ ಕೊಂಬಿನ ಉದ್ದ, ಒಂದೊಂದು ಕವಲಿನ ಎತ್ತರ, ನಾಲ್ಕು ಕಡೆ ಸುತ್ತಳತೆ, ಎರಡು ಕೊಂಬಿನ ನಡುವಿನ ಅಂತರ. ಪ್ರತಿಯೊಂದನ್ನೂ ಇಂಚಿನ ಎಂಟನೇ ಒಂದು ಭಾಗದವರೆಗೆ ಬರೆದರು. ಎಡಬಲದ ವ್ಯತ್ಯಾಸ ಕಳೆದರು. ಕೂಡಿದರು. ಮತ್ತೆ ಕೆಳಗಿನಿಂದ ಮೇಲಕ್ಕೆ ಕೂಡಿದರು. ವರ್ಲಿನ್ ನೂರ ಮೂವತ್ತು ಬರಲಿ ದೇವರೇ ಎಂದು ಬೇಡಿಕೊಂಡ. ಜಗತ್ತಿನಲ್ಲಿ ತನ್ನ ಕೊಂಬು ಚಿಕ್ಕದಾಗಲಿ ಎಂದು ಪ್ರಾರ್ಥಿಸಿದ ಮೊದಲ ಬೇಟೆಗಾರ ತಾನೇ ಇರಬೇಕು ಎಂದೂ ಅವನಿಗನಿಸಿತು.

"ನೂರ ಎಪ್ಪತ್ತೆರಡು, ಮೇಲೆ ಎಂಟನೇ ಒಂದು" ಎಂದರು ಟೀಚರ್ ಕನ್ನಡಕ ತೆಗೆದು. "ಪುಸ್ತಕಕ್ಕೆ ನೂರ ಎಪ್ಪತ್ತು ಸಾಕು. ನಮ್ಮ ಊರಿನ ಮೊದಲನೆಯದು."

ಬಾರು ಕಿತ್ತುಹೋಗುವಂತೆ ಕೂಗಿತು. ಕ್ಲಾರಿಸ್ ಗಂಟೆ ಬಾರಿಸಿದಳು. ಡ್ವೇನ್‌ನ ಕಣ್ಣಲ್ಲಿ ನೀರಿತ್ತು. "ಇಪ್ಪತ್ತೆರಡು ಇಂಚು! ಇಪ್ಪತ್ತೆರಡು ಇಂಚು ಕಡಿಮೆ ಹೇಳ್ತಿದ್ದನಲ್ರೋ ಇವನು! ಇವನ ಮುಂದೆ ನಾವೆಲ್ಲ ಮನುಷ್ಯರಾ?"

ಟೀಚರ್ ಕಾಗದ ತಿರುಗಿಸಿ ಅವನ ಮುಂದಿಟ್ಟರು. "ಇಲ್ಲಿ ದಿನಾಂಕ. ಇಲ್ಲಿ ಯಾವ ಆಯುಧ ಅಂತ. ನ್ಯಾಯವಾಗಿ ಬೇಟೆಯಾಡಿದ್ದು ಅಂತ ಇಲ್ಲಿ ಸಹಿ."

ವರ್ಲಿನ್ ಪೆನ್ನು ಹಿಡಿದ. ಮೂರು ಡಜನ್ ಮುಖಗಳು ಬಗ್ಗಿ ನೋಡುತ್ತಿದ್ದವು. "ಕೈ ನಡುಗ್ತಿದೆ ಟೀಚರ್, ಖುಷಿಗೆ. ಮನೇಲಿ ಕೂತು ನೀಟಾಗಿ ಬರೆದು ತರ್ತೀನಿ" ಎಂದ.

"ಬುಧವಾರದೊಳಗೆ ಕೊಡು" ಎಂದರು ಟೀಚರ್. ನಲವತ್ತೈದು ವರ್ಷದ ಹಿಂದೆ ಹೋಮ್‌ವರ್ಕಿಗೂ ಹೀಗೇ ಹೇಳುತ್ತಿದ್ದರು.

ಸೋಮವಾರ ಅವನು ಕಾಗದವನ್ನು ಗ್ಯಾರೇಜಿನಲ್ಲಿಟ್ಟುಕೊಂಡು ಕೂತ. ತತ್ವದ ಹೆಸರು ಹೇಳಿ ಹರಿದುಹಾಕಬಹುದಿತ್ತು. ಹನ್ನೊಂದು ವರ್ಷದ ಭಾಷಣ ಬೆನ್ನಿಗಿತ್ತು, ಯಾರೂ ಅನುಮಾನಪಡುತ್ತಿರಲಿಲ್ಲ. ಇನ್ನೂ ದೊಡ್ಡ ಸಂತನಾಗುತ್ತಿದ್ದ, ಪಾದ್ರಿಗೆ ಇನ್ನೊಂದು ಪ್ರವಚನ ಸಿಗುತ್ತಿತ್ತು. ಅದು ಬೇಡವೆನಿಸಿ ಕಾಗದವನ್ನು ಮಡಿಚಿಟ್ಟ. ಅಂಕ ಹಾಕುವುದು ತಪ್ಪೆಂದು ತಾನು ನಿಜವಾಗಿ ನಂಬಿದ್ದೇನೋ ಇಲ್ಲವೋ ಎಂದು ಯೋಚಿಸಿದ. ಗೊತ್ತಾಗಲಿಲ್ಲ. ಒಳಗಿನಿಂದ ಆರ್ಡಿಸ್ ತಂಗಿಗೆ ಫೋನಿನಲ್ಲಿ "ಎಂಟನೇ ಒಂದು! ಅದನ್ನ ಮರೀಬೇಡ" ಎನ್ನುತ್ತಿದ್ದುದು ಕೇಳಿಸಿತು.

ಬುಧವಾರ ಬೆಳಗ್ಗೆ ಅವನು ಸಹಿಯಿಲ್ಲದ ಕಾಗದ ಹಿಡಿದು ಟೀಚರ್ ಮನೆಗೆ ಹೋದ. ಹೆಂಡತಿಗಿಂತ ಮೊದಲು ಲೆಕ್ಕದ ಟೀಚರಿಗೆ ಹೇಳುವುದು ಸುಲಭ ಅನ್ನಿಸಿತ್ತು. ಅವರೆದುರು ಫೇಲಾಗಿ ಅಭ್ಯಾಸವಿತ್ತಲ್ಲ.

"ಅದನ್ನ ನಾನು ಹೊಡೆದಿದ್ದಲ್ಲ ಟೀಚರ್. ಲಾರಿಗೆ ಸಿಕ್ಕಿ ಸತ್ತಿದ್ದು."

ಟೀಚರ್ ಕಾಫಿ ಬಗ್ಗಿಸುತ್ತಿದ್ದವರು ಕೈ ನಿಲ್ಲಿಸಲಿಲ್ಲ. "ಎಷ್ಟು ಸ್ಪೀಡಲ್ಲಿದ್ದೆ?"

"ಲಾರಿ ನಿಂತಿತ್ತು."

"ನಿಂತಿತ್ತಾ?"

"ಅದೇ ಬಂದು ಗುದ್ದಿದ್ದು. ನಾನು ಕೆಳಗೆ... ಚರಂಡೀಲಿದ್ದೆ."

ಟೀಚರ್ ಕಾಫಿ ಪಾತ್ರೆ ಕೆಳಗಿಟ್ಟು ಮೇಜು ಹಿಡಿದುಕೊಂಡರು. ಅವರು ನಗುವುದನ್ನು ಅವನು ಜೀವಮಾನದಲ್ಲಿ ಮೊದಲ ಸಲ ನೋಡಿದ. ಅದು ಮುಗಿಯಲು ಬಹಳ ಹೊತ್ತು ಹಿಡಿಯಿತು. ಆಮೇಲೆ ಕಣ್ಣೊರೆಸಿಕೊಂಡು ಬೇರೊಂದು ಫಾರಂ ತೆಗೆದು, ಒಂದು ಚೌಕದ ಮೇಲೆ ಬೆರಳಿಟ್ಟರು. 'ಸತ್ತು ಬಿದ್ದಿದ್ದಾಗ ಸಿಕ್ಕಿದ್ದು' ಎಂದಿತ್ತು.

"ಇಂಥವನ್ನೂ ಪುಸ್ತಕಕ್ಕೆ ಸೇರಿಸ್ತಾರಾ?"

"ಯಾಕೆ ಸೇರಿಸಬಾರದು? ನಾನು ಅಳೆದಿದ್ದು ಜಿಂಕೇನ. ನಿನ್ನನ್ನಲ್ಲ."

ವರ್ಲಿನ್ ತುಸು ಬಗ್ಗಿ, "ಈ ಚೌಕದ ವಿಷಯ ಪುಸ್ತಕದಲ್ಲಿ ಕಾಣಿಸುತ್ತಾ ಟೀಚರ್?" ಎಂದು ಮೆಲ್ಲಗೆ ಕೇಳಿದ.

"ದಪ್ಪಕ್ಷರದಲ್ಲಿ ಕಾಣಿಸುತ್ತೆ. ಮೊದಲು ಆರ್ಡಿಸ್‌ಗೆ ಹೇಳು, ಹೋಗು."

ಆರ್ಡಿಸ್ ಅಡುಗೆಮನೆಯಲ್ಲಿ ಆಲೂಗಡ್ಡೆ ಸುಲಿಯುತ್ತಿದ್ದಳು. ಅವನು ನಿಂತಲ್ಲೇ ಎಲ್ಲವನ್ನೂ ಹೇಳಿದ, ಮಣ್ಣಿಗೆ ಹೋದ ಗುಂಡನ್ನೂ ಬಿಡಲಿಲ್ಲ. ಅವಳು ನಗಲಿಲ್ಲ. ಚಾಕು ಪಕ್ಕಕ್ಕಿಟ್ಟಳು.

"ಅಪ್ಪ ಸಾಯೋ ವರ್ಷ ಆಸ್ಪತ್ರೇಲಿ ನಾಲ್ಕು ಸಲ ಈ ಕತೆ ಹೇಳಿಸಿಕೊಂಡ್ರು. ನಾಲ್ಕು ಸಲ, ವರ್ಲಿನ್. ಕಣ್ಣು ಮುಚ್ಚಿಕೊಂಡು ಕೇಳ್ತಿದ್ರು."

"ಗೊತ್ತು."

"ಗಾಳಿ ಎಲ್ಲಿಂದ ಬೀಸ್ತಿತ್ತು ಅಂತ ಕೇಳಿದ್ರು. ನೀನು ವಾಯವ್ಯದಿಂದ ಅಂದೆ. ಒಳ್ಳೇ ಬೇಟೆಗಾರ, ಜಿಂಕೆಗೆ ವಾಸನೆ ಹೋಗದ ಹಾಗೆ ಗಾಳಿ ನೋಡ್ತಾನೆ ಅಂದ್ರು. ಅದೂ ಸುಳ್ಳು ತಾನೇ?"

"ಇಲ್ಲ ಆರ್ಡಿಸ್. ಗಾಳಿ ವಾಯವ್ಯದಿಂದಾನೇ ಇತ್ತು."

"ನಿನಗೆ ಹೇಗೆ ಗೊತ್ತು? ಬೇಟೆ ಆಡ್ತಿರಲಿಲ್ವಲ್ಲ!"

"ಉಚ್ಚೆ ಹೊಯ್ತಿದ್ದೆ ಕಣೇ. ಆಗ ಗಾಳಿ ನೋಡದೇ ಇರೋಕಾಗುತ್ತಾ?"

ಆರ್ಡಿಸ್ ತುಟಿ ಕಚ್ಚಿಕೊಂಡಳು. ಗೋಡೆಯ ಕಡೆ ತಿರುಗಿದಳು. ಅವಳ ಭುಜ ಅಲುಗತೊಡಗಿದಾಗ ಅಳುತ್ತಿದ್ದಾಳೆಂದುಕೊಂಡು ಅವನು ಹತ್ತಿರ ಹೋದ. ಅವಳು ಅರ್ಧ ಅಳುತ್ತಿದ್ದಳು, ಅರ್ಧ ನಗುತ್ತಿದ್ದಳು. ಎರಡಕ್ಕೂ ಸೇರಿಸಿ ಒದ್ದೆ ಟವೆಲ್ಲಿನಿಂದ ಅವನಿಗೆ ಬಾರಿಸಿದಳು.

"ಶುಕ್ರವಾರ ಬಾರಲ್ಲಿ ಎಲ್ಲರ ಮುಂದೆ ಹೇಳ್ತೀಯ. ನಾನು ಮುಂದಿನ ಮೇಜಲ್ಲೇ ಕೂತಿರ್ತೀನಿ. ಗಾಳಿ ವಿಷಯಾನೂ ಬಿಡಬಾರದು." ಆಮೇಲೆ ಎರಡು ದಿನ ಅವಳು ಅವನೊಂದಿಗೆ ಮಾತಾಡಲಿಲ್ಲ. ಊಟ ಮಾತ್ರ ಬಡಿಸಿದಳು.

ಶುಕ್ರವಾರ ಅವನು ಗೋಡೆಗೆ ಬೆನ್ನು ಕೊಟ್ಟು ನಿಂತು ಹೇಳಿದ. ಮೀನು ಆರಿಹೋಗುವಷ್ಟು ಹೊತ್ತು ಯಾರೂ ತಿನ್ನಲಿಲ್ಲ. ಆರಡಿಯಿಂದ ಗುರಿ ತಪ್ಪಿದ ಭಾಗಕ್ಕೆ ಬಂದಾಗ ಹಿಂದಿನ ಮೂಲೆಯಿಂದ ಯಾರೋ ಕೆಮ್ಮಿದರು. ಮುಗಿಸಿ ಕೈ ಕಟ್ಟಿ ನಿಂತ. ಆರ್ಡಿಸ್ ತಲೆಯೆತ್ತಿ ಅವನನ್ನೇ ನೋಡುತ್ತಿದ್ದಳು. ಅದೊಂದೇ ಅವನಿಗೆ ಆಸರೆ.

ಕೊನೆಗೆ ಡ್ವೇನ್ ಎದ್ದ. ಮುಖದಲ್ಲಿ ಸಿಟ್ಟಿತ್ತು. "ಹನ್ನೊಂದು ವರ್ಷ ನನ್ನ ಕಿವಿ ಆಡಿಕೊಂಡೆ ನೀನು."

"ಹೌದು."

"ಆ ಪ್ರಾಣೀನ ಎಳೆದು ನನ್ನ ಸೊಂಟ ಹಿಡಕೊಂಡಿತ್ತು. ಈಗಲೂ ನೋಯುತ್ತೆ."

"ತಪ್ಪಾಯ್ತು ಡ್ವೇನ್."

ಡ್ವೇನ್ ಕೊಂಬನ್ನು ನೋಡಿದ, ವರ್ಲಿನ್‌ನನ್ನು ನೋಡಿದ. ಅವನ ಬಾಯಿ ಒಂದು ಕಡೆ ಸೊಟ್ಟಗಾಯಿತು. "ಅಂದ್ರೆ, ಈ ಊರಲ್ಲಿ ಪುಸ್ತಕ ಸೇರಿದ ಒಂದೇ ಒಂದು ಜಿಂಕೇನ ಬೇಟೆ ಆಡಿದ್ದು ಒಂದು ಚಕ್ರ. ಅದೂ ತಿರುಗದೇ ಇದ್ದ ಚಕ್ರ!"

ಆಮೇಲಿನ ಗದ್ದಲದಲ್ಲಿ ಬೇರೇನೂ ಕೇಳಿಸಲಿಲ್ಲ. ಆ ರಾತ್ರಿಯಿಂದ ಅವನಿಗೆ 'ಪಾರ್ಕಿಂಗ್' ಎಂಬ ಅಡ್ಡಹೆಸರು ಬಿತ್ತು. ಪಾದ್ರಿಗಳೂ ಒಮ್ಮೆ ಮರೆತು ಹಾಗೆಯೇ ಕರೆದರು. ಕೊಂಬನ್ನು ಇಳಿಸಬೇಕೆಂದು ಕೆಲವರು ಹೇಳಿದರು. ಕ್ಲಾರಿಸ್ ಒಪ್ಪಲಿಲ್ಲ. ಜನ ಅದನ್ನು ನೋಡಲು ಪಕ್ಕದ ಜಿಲ್ಲೆಯಿಂದಲೂ ಬರುತ್ತಿದ್ದರು. ಟೀಚರ್ ಮಾತ್ರ ಟೇಪು ಹಿಡಿದು ಬೇಸಿಗೆಯಿಡೀ ಕಾದರು, ಸ್ಕೋಗನ್‌ನಿಂದ ಒಬ್ಬನೂ ಕೊಂಬು ತರಲಿಲ್ಲ. ಡ್ವೇನ್ ತಾನು ನೂರ ಅರವತ್ತು ಇಂಚೆಂದು ಹೇಳಿಕೊಳ್ಳುತ್ತಿದ್ದ ಕೊಂಬನ್ನು ಗೋಡೆಯಿಂದ ತೆಗೆದು, ಧೂಳು ಹೊಡೆಯಬೇಕೆಂದು ಮನೆಗೆ ಒಯ್ದ.

ನವೆಂಬರ್ ಬಂತು. ಮೂವತ್ತೊಂದು ವರ್ಷದಲ್ಲಿ ಮೊದಲ ಸಲ ವರ್ಲಿನ್‌ಗೆ ಬೇಟೆಯ ಮೊದಲ ದಿನ ಬಿಡುವಾಗಿತ್ತು. ಬೇಟೆಗಾರರ ಕಿತ್ತಳೆ ಬಣ್ಣದ ಅಂಗಿ ತೊಟ್ಟು ಮಾವನ ಹಳೆಯ ಜಾಗದಲ್ಲಿ, ಓಕ್ ಮರದ ಮೇಲೆ ಹತ್ತಿ ಕುಳಿತ. ಒಂಬತ್ತು ಗಂಟೆಗೆ ಎಂಟು ಕವಲಿನ ಒಂದು ಗಂಡು, ಅವಸರವಿಲ್ಲದೆ, ಎದೆ ತೋರಿಸಿಕೊಂಡು ನಡೆದು ಬಂತು. ಎಲ್ಲವೂ ಸರಿಯಿತ್ತು. ಉಸಿರು ಹಿಡಿದ, ಗುಂಡು ಹಾರಿಸಿದ. ಜಿಂಕೆ ಒಮ್ಮೆ ತಲೆಯೆತ್ತಿ ಮರದತ್ತ ನೋಡಿ, ಬಾಲ ಎತ್ತಿಕೊಂಡು ಇಳಿಜಾರಿನಲ್ಲಿ ಮಾಯವಾಯಿತು.

ಸಂಜೆ ಬಾರಿನಲ್ಲಿ ಅವನು ಇದ್ದದ್ದನ್ನು ಇದ್ದಂತೆ ಹೇಳಿದ. ನಲವತ್ತು ಗಜ, ಒಳ್ಳೆಯ ಬೆಳಕು, ಎಂಟು ಕವಲು, ಗುರಿ ಪೂರ್ತಿ ತಪ್ಪಿತು.

ಡ್ವೇನ್ ನಿಧಾನವಾಗಿ ತಲೆಯಾಡಿಸಿದ. "ನಲವತ್ತು ಗಜಾನಾ? ನಾಲ್ಕು ಇರ್ಬೇಕು. ಜಿಂಕೇನ ಕಟ್ಟಿಹಾಕಿದ್ಯೋ ಇಲ್ವೋ, ಅದನ್ನ ಮೊದಲು ಹೇಳು."