ಮೊದಲ ವಾರದ ಸೌದೆ

ಸತ್ಯಮೂರ್ತಿ, ಜಯಸಿಂಹ ಮೈಸೂರಿನ ಕಾಲೇಜಿನಲ್ಲಿ ಒಂದೇ ಬೆಂಚಿನವರು. ಬಾಂದ್ರಾದ ಇಂಧನ ಉಳಿತಾಯದ ಆಫೀಸಿನಲ್ಲೂ ಅಕ್ಕಪಕ್ಕದ ಮೇಜು. ಆದರೆ ಆ ವರ್ಷ, ತೊಂಬತ್ತೊಂದರಲ್ಲಿ, ಸಾಹೇಬರ ಬಾಯಲ್ಲಿ ಇದ್ದದ್ದು ಒಂದೇ ಹೆಸರು. ಜಯಸಿಂಹ ಹೊಸ ಒಲೆ ಕಟ್ಟಿದ್ದ. ಅದು ಕಾಲು ಭಾಗ ಸೌದೆ ಉಳಿಸಿದರೆ, ಅಷ್ಟು ಇಂಗಾಲ ಗಾಳಿಗೆ ಸೇರುವುದು ತಪ್ಪಿತೆಂದು ವಿದೇಶದ ಸಂಸ್ಥೆಯೊಂದು ನೂರು ಹೋಟೆಲುಗಳಿಗೆ ಅದೇ ಒಲೆ ಹಾಕಿಸಲಿತ್ತು.

ಎಷ್ಟು ಸೌದೆ ಉಳಿಯಿತೆಂದು ತಿಳಿಯಬೇಕಾದರೆ ಹಳೆಯ ಒಲೆ ಎಷ್ಟು ತಿನ್ನುತ್ತದೆಂದು ಮೊದಲು ತೂಗಬೇಕು. ಆ ಕೆಲಸ ಸತ್ಯಮೂರ್ತಿಯ ಪಾಲಿಗೆ ಬಂತು. ಅಂಧೇರಿಯ ಉಡುಪಿ ಹೋಟೆಲಿನ ಅಡಿಗೆಮನೆಯಲ್ಲಿ ವಾರವಿಡೀ ತಕ್ಕಡಿಯ ಪಕ್ಕ ಕೂತ. ದಿನಕ್ಕೆ ಎಂಬತ್ತು ಕಿಲೋ.

ಕೊನೆಯ ದಿನ ಅಡಿಗೆಯ ಚೆನ್ನಯ ಚಹಾ ಕೊಡುತ್ತ ನಕ್ಕ.

"ನಾಳೆಯಿಂದ ಉಸಿರಾಡ್ಬಹುದು ಸಾರ್. ನೀವು ತಕ್ಕಡಿ ಇಟ್ಟು ಕೂತ್ರೆ ಸೌದೆ ದಂಡ ಮಾಡ್ಲಿಕ್ಕೆ ಆಗ್ತದಾ? ತಿಂಡಿ ಮುಗಿದ ಕೂಡ್ಲೇ ಬೆಂಕಿ ನಂದಿಸಿದೆ. ಬೇರೆ ದಿನ ಬೆಳಿಗ್ಗೆ ಹಚ್ಚಿದ್ದು ಬಾಗಿಲು ಹಾಕುವ ತನಕ ಉರೀತದೆ, ನೂರಿಪ್ಪತ್ತು ಕಿಲೋ ಎಲ್ಲಿಗೂ ಸಾಲುದಿಲ್ಲ. ಹೊರಗಿನವರ ಎದುರು ನಮಗೂ ಒಂದು ಮರ್ಯಾದೆ ಉಂಟಲ್ಲ ಮಾರಾಯ್ರೆ!"

ಅಂದರೆ ಅಳತೆಯೇ ತಪ್ಪು. ಮತ್ತೆ ತೂಗಬೇಕಿತ್ತು. ಸತ್ಯಮೂರ್ತಿ ಚಹಾ ಮುಗಿಸಿದ, ಎಂಬತ್ತು ಎಂದು ಬರೆದು ಸಹಿ ಹಾಕಿದ. ತಕ್ಕಡಿ ಹೇಳಿದ್ದನ್ನೇ ಬರೆದೆನಲ್ಲ ಎಂದುಕೊಂಡ.

ಅದೇ ಹೋಟೆಲಿಗೆ ಹಾಕಿದ ಹೊಸ ಒಲೆಯ ಪಕ್ಕ ಯಾರೂ ಕೂರಲಿಲ್ಲ. ತಿಂಗಳಲ್ಲಿ ಬಂದ ಸೌದೆಯನ್ನೆಲ್ಲ ತೂಗಿ ದಿನಗಳಿಗೆ ಹಂಚಿದರು: ಎಪ್ಪತ್ತಾರು ಕಿಲೋ. ಉಳಿದದ್ದು ನಾಲ್ಕೇ. ಸಾಹೇಬರು ಕಡತ ಮುಚ್ಚಿದರು.

ಸಂಜೆ ಜಯಸಿಂಹ ಸತ್ಯಮೂರ್ತಿಯ ಮೇಜಿನ ಹತ್ತಿರ ಬಂದ. "ಸತ್ಯ, ಒಂದೇ ಮಾತು ಕಣೋ. ಆ ವಾರ ಎಲ್ಲ ಮಾಮೂಲಿನ ಹಾಗೇ ಇತ್ತಾ?"

ಸತ್ಯಮೂರ್ತಿ ಪೆನ್ನಿಗೆ ಮುಚ್ಚಳ ಹಾಕಿದ.

"ಹೂಂ. ಮಾಮೂಲೇ."

"ನೀನು ತೂಗಿದ್ದು ಅಂದ್ಮೇಲೆ ಮುಗೀತು ಬಿಡು. ನನ್ನ ಒಲೇಲೇ ಏನೋ ಹುಳುಕು."

ಜಯಸಿಂಹ ಒಲೆಯ ನಕ್ಷೆ ಸುತ್ತಿ ಕಂಕುಳಲ್ಲಿಟ್ಟುಕೊಂಡ. ಅವನ ಮುಖದಲ್ಲಿ ಎಳ್ಳಷ್ಟೂ ಅನುಮಾನವಿರಲಿಲ್ಲ.

ಗೆದ್ದೆ ಎಂದುಕೊಳ್ಳಹೋದ ಸತ್ಯಮೂರ್ತಿಯ ಹೊಟ್ಟೆ ಮತ್ತೆ ಉರಿಯಿತು. ಒಬ್ಬನನ್ನು ಹೀಗೆ ಸಲೀಸಾಗಿ ನಂಬುವುದು ತನಗೆ ಎಂದೂ ಬಂದದ್ದಿಲ್ಲ. ಆ ಗುಣವೂ ಜಯಸಿಂಹನಿಗೇ ಇತ್ತು.