ಎಳೆದರೂ ಬಾರದ ಗಡ್ಡ

"ಗಟ್ಟಿಯಾಗಿದೆ! ಅಸಲಿ ಮಾಲು!" ಎಂದು ಶಾಲೆಯ ಹಳೇ ಟೀಚರು ಬುರುಲ್ ಎಜೆ, ಅಂದರೆ ಬುರುಲ್ ಅಕ್ಕ, ಕೊರ್ನೇಯ್‌ನ ಗಡ್ಡವನ್ನು ಇನ್ನೊಮ್ಮೆ ಜಗ್ಗಿ ನೋಡಿದರು. "ಇನ್ನೇನು ಯೋಚ್ನೆ? ಆ ಕೆಂಪು ಕೋಟು ಹಾಕ್ಕೋ. ಬೇಗ!"

ಕೊರ್ನೇಯ್ ತೊಕ್ಮೊಕ್ ಊರಿನಲ್ಲಿ ಬ್ರೆಡ್ ವ್ಯಾನು ಓಡಿಸುವವನು. ಇನ್ನೂ ಅರ್ಧ ಊರಿಗೆ ಬ್ರೆಡ್ ಹಾಕುವುದು ಬಾಕಿ ಇರುವಾಗಲೇ ಮಗಳ ಶಾಲೆಯಿಂದ 'ಇದ್ದ ಹಾಗೇ ಎದ್ದು ಬಾ' ಎಂದು ಫೋನು ಬಂದಿತ್ತು. ಹಿಮದಲ್ಲಿ ಜಾರುತ್ತ, ಬೀಳುತ್ತ ಬಂದು ನೋಡಿದರೆ, ಒಂದನೇ ತರಗತಿಯ ಇಪ್ಪತ್ತಮೂರು ಮಕ್ಕಳು ಹೊಸವರ್ಷದ ಮರದ ಸುತ್ತ ಕುಣಿಯುವುದು ಬಿಟ್ಟು ಸೂರು ಹಾರುವಂತೆ ಅಳುತ್ತಿದ್ದವು.

ಎಲ್ಲಕ್ಕೂ ಕಾರಣ ಅವನ ಹನ್ನೊಂದು ವರ್ಷದ ಮಗಳು ತಬಿತಾ. ನಿನ್ನೆ ಒಂದನೇ ತರಗತಿಯ ಪುಟ್ಟಿಯೊಬ್ಬಳು, "ಅಕ್ಕಾ, ಉಡುಗೊರೆ ತರೋ ಹಿಮದಜ್ಜ ನಿಜವಾಗ್ಲೂ ಇದಾನಾ?" ಎಂದು ಕೇಳಿದ್ದಳು. ಬೇರೆ ಯಾರೇ ಆಗಿದ್ದರೂ "ಇದಾನೆ ಕಣೇ" ಎಂದು ಮುಂದೆ ಹೋಗುತ್ತಿದ್ದರು. ಆದರೆ ತಬಿತಾ ಬ್ಯಾಪ್ಟಿಸ್ಟ್ ಕ್ರೈಸ್ತರ ಮನೆಯ ಹುಡುಗಿ. ತಮಾಷೆಗೂ ಸುಳ್ಳಾಡಬಾರದು ಎನ್ನುವುದನ್ನು ಊಟದ ಪ್ರಾರ್ಥನೆಯ ಜೊತೆಗೇ ಕಲಿತವಳು. "ಇಲ್ಲ. ಅದು ನಮ್ಮ ಡ್ರಿಲ್ ಮೇಷ್ಟ್ರು. ಗಡ್ಡ ಹತ್ತೀದು" ಎಂದುಬಿಟ್ಟಳು. ಇವತ್ತು ಮೇಷ್ಟ್ರು ಹಿಮದಜ್ಜನ ವೇಷದಲ್ಲಿ ಕೋಲು ಕುಟ್ಟುತ್ತ ಒಳಗೆ ಬಂದದ್ದೇ ತಡ, ಮಕ್ಕಳು ಮುತ್ತಿಕೊಂಡು ಗಡ್ಡ ಜಗ್ಗಿದವು. ಗಡ್ಡ ಕೈಗೇ ಬಂತು. ಮೇಷ್ಟ್ರಿಗೆ ಅವಮಾನವಾಗಿ, ಕೋಟು ಕಳಚಿ ಎಸೆದು ಮನೆಗೆ ಹೊರಟುಹೋದರು.

ತಬಿತಾ ಕಾರಿಡಾರಿನ ಗೋಡೆಗೆ ಒರಗಿ ನಿಂತಿದ್ದಳು. ಅತ್ತು ಮೂಗು ಕೆಂಪಾಗಿತ್ತು. "ಅಪ್ಪಾ, ನಾನು ನಿಜಾನೇ ಹೇಳಿದ್ದು."

"ಗೊತ್ತು ಕಣಮ್ಮ."

"ಗೊತ್ತಂತೆ!" ಎಜೆ ಸಿಡುಕಿದರು. "ನಿಮ್ಮ ವಂಶಕ್ಕೇ ಇದೊಂದು ರೋಗ. ನಿಂಗೂ ಪಾಠ ಹೇಳಿದವಳು ನಾನು, ಮರ್ತಿಲ್ಲ. ಎಲ್ಲ ಮಕ್ಕಳೂ ಕಮ್ಯುನಿಸ್ಟ್ ಪಕ್ಷದ ಕೆಂಪು ಸ್ಕಾರ್ಫ್ ಕಟ್ಕೊಂಡ್ರೆ ನೀನೊಬ್ಬ ಕಟ್ಟಲ್ಲ ಅಂದೆ."

"ನೀವು ಇದೇ ಗೋಡೆ ಹತ್ರ ನಿಲ್ಸಿದ್ರಿ, ಎಜೆ."

"ಮೂರು ದಿನ ನಿಲ್ಸಿದೆ. ಬಗ್ಗಿದ್ಯಾ? ಹೋಗ್ಲಿ ಬಿಡು, ಹಳೇ ಕತೆ. ಈಗ ಒಳಗೆ ಹೋಗು, 'ನಾನೇ ಹಿಮದಜ್ಜ' ಅನ್ನು, ಮಿಠಾಯಿ ಚೀಲ ಹಂಚು. ಒಂದು ಮಾತಿಗೆ ನಿನ್ನ ದೇವರೇನೂ ಮುನಿಸ್ಕೊಳ್ಳಲ್ಲ. ಕೇಳು, ಹೇಗೆ ಅಳ್ತಿದಾವೆ!"

ಕೇಳುತ್ತಿತ್ತು. ಕೊರ್ನೇಯ್ ಕೋಟನ್ನು ಕೈಗೆತ್ತಿಕೊಂಡ. ಒಂದೇ ಮಾತಿನ ಕೆಲಸ. ಆದರೆ ಆ ಒಂದು ಮಾತು ಆಡಿದರೆ ಹನ್ನೊಂದು ವರ್ಷ ಮಗಳಿಗೆ ಹೇಳಿಕೊಟ್ಟದ್ದೆಲ್ಲ ನೀರಿನಲ್ಲಿ ಹೋಮ. ಅವಳು ಎವೆಯಿಕ್ಕದೆ ಅವನ ಮುಖವನ್ನೇ ನೋಡುತ್ತಿದ್ದಳು. ಅವನು ಕೋಟು ತೊಟ್ಟುಕೊಂಡಾಗ ಅವಳ ಮುಖ ಬಾಡಿಹೋಯಿತು.

ಬಾಗಿಲು ತೆರೆದದ್ದೇ ಅಳು ಗಕ್ಕನೆ ನಿಂತಿತು.

"ಇವನದ್ದೂ ಹತ್ತೀನೇ!" ಎಂದು ಒಬ್ಬ ತರಲೆ ಕೂಗಿದ. ಇಪ್ಪತ್ತಮೂರೂ ಮಕ್ಕಳು ಒಮ್ಮೆಲೇ ಮೈಮೇಲೆ ಬಿದ್ದವು.

"ಅಯ್ಯಯ್ಯೋ! ಮೆಲ್ಲಗೆ!" ಕೊರ್ನೇಯ್ ಮಂಡಿಯೂರಿ ಕುಸಿದ. ಕಣ್ಣಲ್ಲಿ ನೀರು ಬಂತು.

"ಬರ್ತಾ ಇಲ್ಲ! ಬರ್ತಾನೇ ಇಲ್ಲ ಕಣ್ರೋ!"

ಆ ಕೂಗಿಗೆ ಕಿಟಕಿಯ ಗಾಜು ಅದುರಿತು. ಅಳುತ್ತಿದ್ದ ಮುಖಗಳೆಲ್ಲ ಅರಳಿದವು. ಮುಂದಿನ ಎರಡು ಹಲ್ಲು ಬಿದ್ದಿದ್ದ ಪುಟ್ಟಿಯೊಬ್ಬಳು ಗುಂಪನ್ನು ತಳ್ಳಿಕೊಂಡು ಮುಂದೆ ಬಂದಳು. ನಿನ್ನೆ ತಬಿತಾಳನ್ನು ಕೇಳಿದವಳು ಇವಳೇ, ಸೈಕಾಲ್. ಗಡ್ಡ ಹಿಡಿದುಕೊಂಡೇ ಕೇಳಿದಳು: "ನೀನು ನಿಜವಾದ ಹಿಮದಜ್ಜನಾ?"

ಮರದ ಪಕ್ಕದಲ್ಲಿ ನಿಂತ ಬುರುಲ್ ಎಜೆ 'ಹೂಂ ಅನ್ನು, ಹೂಂ ಅನ್ನು' ಎಂದು ಜೋರಾಗಿ ತಲೆಯಾಡಿಸುತ್ತಿದ್ದರು. ಬಾಗಿಲಲ್ಲಿ ತಬಿತಾ ಉಸಿರು ಬಿಗಿಹಿಡಿದಿದ್ದಳು. ಕೊರ್ನೇಯ್ ಇಬ್ಬರನ್ನೂ ನೋಡಿದ.

"ಅಲ್ಲ ಮಗೂ. ನಾನು ತಬಿತಾ ಅಪ್ಪ. ಬ್ರೆಡ್ ವ್ಯಾನು ಓಡಿಸ್ತೀನಿ. ಗಡ್ಡ ಮಾತ್ರ ನಿಜ."

ಎಜೆ ಹಣೆ ಚಚ್ಚಿಕೊಂಡರು. ಮತ್ತೆ ಅಳು ಶುರುವಾಗುತ್ತದೆಂದು ಕೊರ್ನೇಯ್ ಕಾದ. ಸೈಕಾಲ್ ಅಳಲಿಲ್ಲ, ಹುಬ್ಬು ಗಂಟಿಕ್ಕಿ ಯೋಚಿಸಿದಳು.

"ಹಂಗಾದ್ರೆ ನಾನು ಕೇಳ್ಬೇಕಾದ್ದನ್ನ ಯಾರನ್ನ ಕೇಳ್ಲಿ?"

"ಏನು ಕೇಳ್ಬೇಕಿತ್ತು?"

ಅವಳು ಗಡ್ಡ ಎಳೆದು ಅವನ ಕಿವಿಯನ್ನು ತನ್ನ ಬಾಯಿಯ ಹತ್ತಿರಕ್ಕೆ ತಂದಳು. "ನಮ್ಮಪ್ಪ ಮಾಸ್ಕೋದಲ್ಲಿ ಕೆಲ್ಸಕ್ಕಿದಾನೆ. ಎರಡು ವರ್ಷ ಆಯ್ತು. ಮನೆಗೆ ಬರ್ಲಿ ಅಂತ."

"ಬರಿಸ್ತೀನಿ ಅಂತ ನಾನು ಹೇಳಲಾರೆ, ಪುಟ್ಟಿ. ಆದ್ರೆ ನಾನು ದಿನಾ ಒಬ್ಬನ ಹತ್ರ ಮಾತಾಡ್ತೀನಿ. ಅವನನ್ನ ಕೇಳ್ತೀನಿ."

"ದಿನಾ ಕೇಳ್ತೀಯಾ?"

"ದಿನಾ ಕೇಳ್ತೀನಿ."

"ಕೊರ್ನೇಯ್!" ಎಜೆಯ ದನಿ ಚುರುಕಾಯಿತು. "ಶಾಲೆಯೊಳಗೆ ದೇವರ ಮಾತು ಕೂಡದು. ಕಾನೂನಿದೆ!"

"ಹೆಸರೆತ್ತಿಲ್ವಲ್ಲ, ಎಜೆ."

ಅಷ್ಟರಲ್ಲಿ ಸೈಕಾಲ್‌ಳ ಹಿಂದೆ ನೂಕುನುಗ್ಗಲು. "ನಂದೂ ಕೇಳು! ನಂದೂ!" ಒಬ್ಬನಿಗೆ ಸ್ಕೇಟ್ಸು ಬೇಕು, ಒಬ್ಬಳ ಅಜ್ಜಿಯ ಕಾಲು ಮುರಿದಿದೆ, ಇನ್ನೊಬ್ಬನಿಗೆ ತಂಗಿ ಬೇಡ, ತಮ್ಮನೇ ಆಗಬೇಕು. ತಬಿತಾ ಬಾಗಿಲಿನಿಂದ ಓಡಿಬಂದಳು. ನೋಟ್‌ಬುಕ್ಕಿನ ಹಾಳೆ ಹರಿದು ಅಪ್ಪನ ಪಕ್ಕದಲ್ಲೇ ನೆಲದ ಮೇಲೆ ಕೂತಳು.

"ಒಬ್ಬೊಬ್ರಾಗಿ ಬನ್ರೋ! ಹೆಸರು ಹೇಳಿ! ಏ ತಳ್ಳಬೇಡ, ನಿಂದು ಆಮೇಲೆ!"

ಮಕ್ಕಳು ಹೆಸರು ಬರೆಸಿ, ಮಿಠಾಯಿ ಚೀಲ ಹಿಡಿದು ಮರದ ಸುತ್ತ ಕುಣಿಯತೊಡಗಿದವು. ಎಲ್ಲ ಮುಗಿದ ಮೇಲೆ ಬುರುಲ್ ಎಜೆ ಅತ್ತಿತ್ತ ನೋಡಿ ಬಗ್ಗಿದರು.

"ಬುರುಲ್ ಅಂತ ಬರ್ಕೋ," ಎಂದು ತಬಿತಾಳಿಗೆ ಪಿಸುಗುಟ್ಟಿದರು. "ಏನು ಅಂತ ಮಾತ್ರ ಕೇಳ್ಬೇಡ."

ಮಧ್ಯಾಹ್ನ ಮನೆಯಲ್ಲಿ ಹೆಂಡತಿ ಲೀದಿಯಾ ಎಲೆಕೋಸಿನ ಸೂಪು ಬಡಿಸಿದಳು. ಬೆಳಗಿನಿಂದ ಹೊಟ್ಟೆಗೆ ಏನೂ ಬಿದ್ದಿರದ ಕೊರ್ನೇಯ್ ಕಣ್ಣು ಮುಚ್ಚಿ, ಎರಡೇ ಮಾತಿನಲ್ಲಿ ಕೃತಜ್ಞತೆ ಹೇಳಿ, ಆಮೆನ್ ಎಂದು ಚಮಚ ಎತ್ತಿದ. ಎದುರಿಗೆ ತಬಿತಾ ಹಾಳೆಯ ಮಡಿಕೆ ಬಿಚ್ಚುತ್ತಿದ್ದಳು.

"ಅಪ್ಪಾ, ದಿನಾ ಅಂದಿದೀಯ."

ಕೊರ್ನೇಯ್ ಹೆಂಡತಿಯ ಮುಖ ನೋಡಿದ, ಸೂಪು ನೋಡಿದ. ಚಮಚ ಕೆಳಗಿಟ್ಟು ಮತ್ತೆ ಕೈ ಜೋಡಿಸಿದ.

"ಒಂದನೇದು, ಸೈಕಾಲ್," ಎಂದು ತಬಿತಾ ಓದಿದಳು.

ಹನ್ನೊಂದನೇ ಹೆಸರಿನ ಹೊತ್ತಿಗೆ ಬಟ್ಟಲುಗಳಿಂದ ಹಬೆ ಏಳುವುದು ನಿಂತಿತ್ತು. ನಾಲ್ಕು ವರ್ಷದ ಮಗ ನಾತಾನ್ ಬ್ರೆಡ್ಡಿನ ಕಡೆಗೆ ಮೆಲ್ಲಗೆ ಕೈ ಚಾಚಿದ. ಅಕ್ಕ ಇನ್ನೂ ಓದುತ್ತಿರುವುದನ್ನು ಕಂಡು ಆ ಕೈಯನ್ನು ಹಿಂದಕ್ಕೆಳೆದುಕೊಂಡು, ಅಪ್ಪನ ಹಾಗೆಯೇ ಜೋಡಿಸಿಕೊಂಡ.