ಗೌರಿಗೆ ಹೊಡೆದ ಮೊಳೆ

ಧೊಂಡಿಬಾನ ಸೈಕಲ್ಲಿನ ಹೆಸರು ಗೌರಿ. ಠಾಣಾ ಕುಶನೂರಿನಲ್ಲಿ ಇದು ಬೀದಿಯ ನಾಯಿಗೂ ಗೊತ್ತಿತ್ತು. ಬೀದರದಿಂದ ಅದನ್ನು ತಂದ ದಿನ ಹೆಂಡತಿ ಅಂಜನಾಬಾಯಿ ಹ್ಯಾಂಡಲ್ಲಿಗೆ ಅರಿಶಿನ ಕುಂಕುಮ ಹಚ್ಚಿ ಹೆಸರಿಟ್ಟಿದ್ದಳು. ಕಂಬಳಿಗಳನ್ನು ಹಿಂದೆ ಕಟ್ಟಿಕೊಂಡು ಊರೂರು ಮಾರುತ್ತಿದ್ದ ಧೊಂಡಿಬಾ, "ಗೌರಿ ದಣಿದಾಳ", "ಗೌರಿ ಇವತ್ತ ಸಿಟ್ಟಾಗ್ಯಾಳ" ಎಂದೇ ಮಾತಾಡುತ್ತಿದ್ದ. ಕೇಳಿ ಕೇಳಿ ಜನ ನಗುವುದನ್ನೂ ಬಿಟ್ಟಿದ್ದರು.

ಅದು ನಿಜಾಮನ ರಾಜ್ಯದ ಕೊನೆಯ ಮಳೆಗಾಲ. ಗಡಿ ಮುಚ್ಚಿತ್ತು, ಸೊಲ್ಲಾಪುರದಿಂದ ಒಂದು ಸೂಜಿಯೂ ಬರುತ್ತಿರಲಿಲ್ಲ. ಅಂಥದರಲ್ಲಿ ಗೌರಿಯ ಪೆಡಲನ್ನು ಬಿಗಿಹಿಡಿಯುವ ಕಾಟರ್ ಪಿನ್ನು ಸವೆದು ಸಡಿಲಾಯಿತು. ಧೊಂಡಿಬಾ ಸೈಕಲ್ಲನ್ನು ಭಾಲ್ಕಿಯ ಶರಫೋದ್ದೀನನ ರಿಪೇರಿ ಅಂಗಡಿಯಲ್ಲಿ ಬಿಟ್ಟು ಬಂದ. ಶರಫೋದ್ದೀನ ಒಳ್ಳೆಯವನೇ, ಆದರೆ ಇಲ್ಲ ಎನ್ನುವುದು ಅವನ ಬಾಯಲ್ಲಿ ಬರುತ್ತಿರಲಿಲ್ಲ. ಒಳ್ಳೆಯವರ ಈ ರೋಗಕ್ಕೆ ಔಷಧವಿಲ್ಲ. ಕಾಟರ್ ಸಿಗಲಿಲ್ಲ ಎಂದು ಹೇಳಿದ್ದರೆ ಮುಗಿಯುತ್ತಿತ್ತು. ಅವನು ದಪ್ಪನೆಯ ಮೊಳೆಯೊಂದನ್ನು ಅರದಿಂದ ಉಜ್ಜಿ, ಸುತ್ತಿಗೆಯಿಂದ ಬಡಿದು ಕೂಡಿಸಿ, ಮೇಲೆ ಗ್ರೀಸು ಮೆತ್ತಿ, "ಹೊಸಾದ ಹಾಕೀನಿ ಭಾಯಿ" ಎಂದು ಕೊಟ್ಟುಬಿಟ್ಟ.

ಅಷ್ಟರಲ್ಲಿ ಪೊಲೀಸ್ ಕಾರ್ಯಾಚರಣೆಯಾಗಿ ಹಿಂದುಸ್ತಾನದ ದಂಡು ಬಂತು, ನಿಜಾಮ ಶರಣಾದ. ನಿಜಾಮನ ಹೆಸರಲ್ಲಿ ಊರುಗಳಿಗೆ ಬೆಂಕಿಯಿಟ್ಟ ರಜಾಕಾರರು ಓಡಿಹೋದರು. ಅವರ ಪಾಪವನ್ನು ಓಡಲಾರದವರ ತಲೆಗೆ ಕಟ್ಟಲು ದೊಣ್ಣೆ ಹಿಡಿದವರು ಬೀದಿಗಿಳಿದರು. ಇದನ್ನು ಆಗ ನ್ಯಾಯ ಎನ್ನುತ್ತಿದ್ದರು. ನನಗೆ ಹಾಗನ್ನಲು ಇವತ್ತಿಗೂ ನಾಲಿಗೆ ಹೊರಳುವುದಿಲ್ಲ.

ಶರಫೋದ್ದೀನನನ್ನೂ ಅವನ ಹೆಂಡತಿ ಹಾಜಿರಾಬೀಯನ್ನೂ ಮಡೆಪ್ಪ ಸಾಹುಕಾರ ತನ್ನ ಮನೆಯಲ್ಲಿ ಇಟ್ಟುಕೊಂಡಿದ್ದ. ದೊಣ್ಣೆಯವರ ಮುಂದಾಳು ನರಸಿಂಗ ಬಂದು ಕೇಳಿದಾಗ ಮಡೆಪ್ಪ ಬಾಗಿಲಿಗೆ ಅಡ್ಡ ನಿಂತು ಹೇಳಿದ್ದ: "ಇಂವ ಯಾರಿಗರ ಕೆಟ್ಟದ್ದು ಮಾಡ್ಯಾನ ಅಂತ ಒಬ್ಬ ಮನುಷ್ಯಾ ಬಂದು ಹೇಳ್ಲಿ. ನಾನೇ ಹೊರಗ ಕಳಸ್ತೀನಿ." ಹಾಗೆ ಹೇಳುವವರು ಭಾಲ್ಕಿಯಲ್ಲಿ ಯಾರೂ ಸಿಗಲಿಲ್ಲ.

ಆಗ ಧೊಂಡಿಬಾ ಬಂದ. ಇಳಿಜಾರಿನಲ್ಲಿ ಮೊಳೆ ಮುರಿದು, ಪೆಡಲು ಕಳಚಿ, ಅವನು ಕಂಬಳಿಗಳ ಸಮೇತ ಕೆಸರಿಗೆ ಬಿದ್ದಿದ್ದ. ಮೊಣಕಾಲು ಒಡೆದಿತ್ತು, ಧೋತರದ ತುಂಬ ರಕ್ತ. ಸೈಕಲ್ಲನ್ನು ಯಾರದೋ ಹೊಲದ ಕೊಟ್ಟಿಗೆಯಲ್ಲಿ ಮಲಗಿಸಿ ಕುಂಟುತ್ತ ಬಂದವನಿಗೆ ಶರಫೋದ್ದೀನನ ಅಂಗಡಿಗೆ ಬೀಗ ಕಂಡಿತು. ಸಿಟ್ಟು ಬಂದರೆ ಧೊಂಡಿಬಾನಿಗೆ ರಾಜ್ಯ ಮುಳುಗಿದ್ದೂ ಕಾಣುತ್ತಿರಲಿಲ್ಲ. ಬೀಗವನ್ನೇ ಬೈಯುತ್ತ ನಿಂತ.

ಎದುರಿನ ಚಹಾದ ಅಂಗಡಿಯಿಂದ ನರಸಿಂಗ ಎದ್ದು ಬಂದ. "ಯಾಕ್ರಿ ಕಾಕಾ, ಏನಾಯ್ತು?"

"ಆ ಶರಫ್ಯಾ ಎಲ್ಲಿ ಅದಾನ? ನಮ್ಮ ಗೌರೀಗಿ ಕೆಡಿಸಿಟ್ಟಾನ! ನಂಬಿ ಅವನ ಕೈಯಾಗ ಬಿಟ್ಟು ಹೋಗಿದ್ದೆ."

"ಆಕಿ ಈಗ ಎಲ್ಲಿ ಅದಾಳ?"

"ದಾರ್ಯಾಗ, ಕೊಟ್ಟಗ್ಯಾಗ ಬಿದ್ದಾಳ. ಇನ್ನ ಏಳಂಗಿಲ್ಲ ಆಕಿ."

ಕೆಡಿಸುವುದು ಎಂಬ ಮಾತು ನಮ್ಮಲ್ಲಿ ಹಾಲಿಗೂ ಸಲ್ಲುತ್ತದೆ, ಯಂತ್ರಕ್ಕೂ ಸಲ್ಲುತ್ತದೆ, ಹೆಣ್ಣಿಗೂ ಸಲ್ಲುತ್ತದೆ. ಆ ದಿನಗಳಲ್ಲಿ ಕಿವಿಗಳೆಲ್ಲ ಒಂದೇ ಅರ್ಥಕ್ಕೆ ಕಾದು ಕೂತಿದ್ದವು. ಕುಶನೂರಿಗೆ ಗೊತ್ತಿದ್ದದ್ದು ಭಾಲ್ಕಿಗೂ ಗೊತ್ತಿದೆ ಎಂದುಕೊಂಡಿದ್ದ ಧೊಂಡಿಬಾ, ದೊಣ್ಣೆಯವರೆಲ್ಲ ತನ್ನನ್ನು ಕರೆದುಕೊಂಡು ಮಡೆಪ್ಪನ ಮನೆಗೆ ಹೊರಟಾಗ ಒಳಗೊಳಗೇ ಖುಷಿಪಟ್ಟ. ತನ್ನ ಕಡೆ ಮಾತಾಡಲು ಇಷ್ಟು ಜನ ಬಂದರಲ್ಲ ಎಂದು.

ಮಡೆಪ್ಪನ ಬಾಗಿಲಲ್ಲಿ ನರಸಿಂಗ ದನಿ ಎತ್ತಿದ. "ಸಾವ್ಕಾರ್ರ, ನೀವ್ ಕೇಳಿದ ಮನುಷ್ಯಾ ಬಂದಾನ್ರಿ. ಶರಫೋದ್ದೀನ ಇವನ ಮಗಳಿಗಿ ಕೆಡಿಸ್ಯಾನ."

ಧೊಂಡಿಬಾ ಕುಂಟುತ್ತಲೇ ಮುಂದೆ ನುಗ್ಗಿದ. "ಮಗಳಲ್ರೋ! ಸೈಕಲ್! ಗೌರಿ ಅಂದ್ರ ನನ್ನ ಸೈಕಲ್ಲು! ನನಗ ಮಕ್ಕಳೇ ಇಲ್ರೋ!"

ಮಡೆಪ್ಪ ಅವನ ರಕ್ತ ಹತ್ತಿದ ಧೋತರವನ್ನು ನೋಡಿ ತಲೆ ತಗ್ಗಿಸಿದ.

"ಮಾನಕ್ಕ ಅಂಜಿ ಹಾಂಗ ಹೇಳ್ಲತ್ತಾನ್ರಿ, ಪಾಪ," ಎಂದ ನರಸಿಂಗ. "ಹೆತ್ತ ಅಪ್ಪ ಮತ್ತೇನ್ ಹೇಳ್ತಾನ?"

ಧೊಂಡಿಬಾ ಆಣೆಯಿಟ್ಟ, ಎದೆ ಬಡಿದುಕೊಂಡ. ಅವನು ಕೂಗಿದಷ್ಟೂ ಅವರಿಗೆ ನಂಬಿಕೆ ಗಟ್ಟಿಯಾಯಿತು.

ಒಳಗಿದ್ದ ಶರಫೋದ್ದೀನನಿಗೆ ಕೇಳಿಸಿದ್ದು ಗೌರಿ, ಸೈಕಲ್ಲು ಎಂಬ ಕೂಗು ಮಾತ್ರ. ತನ್ನ ಗಿರಾಕಿಯ ದನಿ ಅವನಿಗೆ ಗೊತ್ತಿತ್ತು. ಹೆಂಡತಿ ಕೈ ಹಿಡಿದು ಎಳೆದರೂ ಕೊಸರಿಕೊಂಡು ಬಾಗಿಲಿಗೆ ಬಂದ. ಧೊಂಡಿಬಾನ ಮೊಣಕಾಲು ಕಂಡಿತು. ಮೊಳೆ ಮುರಿದಿದೆ ಎಂದು ತಿಳಿಯಲು ಮತ್ತೇನೂ ಬೇಕಾಗಲಿಲ್ಲ. ಜನ್ಮದಲ್ಲಿ ಒಮ್ಮೆಯಾದರೂ ನಿಜ ಹೇಳಬೇಕೆಂದು ಆ ಗಳಿಗೆಯಲ್ಲೇ ಅವನಿಗೆ ಅನ್ನಿಸಿತೋ ಏನೋ.

"ತಪ್ಪಾಯ್ತು ಧೊಂಡಿಬಾ ಭಾಯಿ, ಮಾಫ್ ಮಾಡು," ಎಂದು ಕೈ ಮುಗಿದ. "ಗೌರೀಗಿ ನಾನೇ ಕೆಡಿಸೀನಿ. ನಿನಗ ಸುಳ್ಳ ಹೇಳ್ದೆ."

ಮಡೆಪ್ಪ ಬಾಗಿಲಿನಿಂದ ಪಕ್ಕಕ್ಕೆ ಸರಿದ.

ಶರಫೋದ್ದೀನನನ್ನು ಹಾಳು ಬಾವಿಯ ಕಡೆ ಎಳೆದೊಯ್ದರು. ನರಸಿಂಗನ ತೋಳಿಗೆ ಜೋತುಬಿದ್ದ ಧೊಂಡಿಬಾನನ್ನು ಇಬ್ಬರು ಹಿಡಿದು, ನೀರು ಕುಡಿಸಿ, "ಅಳು ಕಾಕಾ, ಅತ್ತುಬಿಡು" ಎಂದು ಬೆನ್ನು ಸವರಿದರು. ಅವರ ಕೈಗಳು ನಿಜಕ್ಕೂ ಮೆತ್ತಗಿದ್ದವು. ಬಾವಿಯ ಕಡೆಯಿಂದ ಬರುತ್ತಿದ್ದ ಸದ್ದು ಸ್ವಲ್ಪ ಹೊತ್ತಿನಲ್ಲೇ ನಿಂತಿತು. ಜನ ತಮ್ಮ ತಮ್ಮ ಮನೆಗೆ ಹೋದರು.

ಆಗ ಹಾಜಿರಾಬೀ ಹೊರಗೆ ಬಂದಳು. ಗಂಡ ತಪ್ಪು ಒಪ್ಪಿಕೊಂಡದ್ದನ್ನು ಅವನ ಬಾಯಿಂದಲೇ ಕೇಳಿಸಿಕೊಂಡ ಮೇಲೆ ಸೈಕಲ್ಲಿನ ಕೂಗನ್ನು ಅವಳೂ ನಂಬಿರಲಿಲ್ಲ. ಸೆರಗನ್ನು ಮುಖದ ಮೇಲೆ ಎಳೆದುಕೊಂಡು ಧೊಂಡಿಬಾನ ಕಾಲಿಗೆ ಹಣೆ ಹಚ್ಚಿದಳು.

"ನಿಮ್ಮ ಹುಡುಗೀಗಿ ಹೇಳ್ರಿ ಭಾಯಿ. ಆತ ಸಾಯೋ ಮುಂದ ತಪ್ಪು ಒಪ್ಕೊಂಡ. ಆಕಿ ಮಾಫ್ ಮಾಡ್ಲಿ."

ಧೊಂಡಿಬಾ ನೆಲಕ್ಕೆ ಕುಸಿದು, ಕಾಟರ್ ಪಿನ್ನಿನಿಂದ ಮೊದಲು ಮಾಡಿ ಎಲ್ಲವನ್ನೂ ಅವಳಿಗೆ ಹೇಳಿದ. ಇಡೀ ಭಾಲ್ಕಿಯಲ್ಲಿ ಅವನ ಮಾತನ್ನು ನಂಬಿದ್ದು ಅವಳೊಬ್ಬಳೇ.